‘ಇಷ್ಟು ಸಾಕು’ ಎಂದು ಬರೆದ ಸಾಲು

ನೆನೆಸಿದ ಅವರೆಕಾಳನ್ನು ಮುಂದಿಟ್ಟುಕೊಂಡು ಅತ್ತೆಯ ಜೊತೆ ಹಿತುಕುತ್ತಾ ಕೂತಿದ್ದೆ. ಶನಿವಾರ, ಬೆಳಗಿನ ಹತ್ತು ಗಂಟೆಯಿರಬೇಕು. ಗಿರೀಶನ ಫೋನು ಬಂತು. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಒಂಬತ್ತು ವರ್ಷ ಎಂಜಿನಿಯರ್ ಆಗಿದ್ದಾಗ ಅವನು ಪಕ್ಕದ ಮೇಜಿನವನು. ಕಸೂತಿ ಹಾಕುವ ಯಂತ್ರಗಳ ಕಂಟ್ರೋಲರ್ ಅಲ್ಲಿ ತಯಾರಾಗುತ್ತಿತ್ತು. ಅದರೊಳಗಿದ್ದು ಸೂಜಿಗೆ ದಾರಿ ಹೇಳುವ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆಯುವುದು ನನ್ನ ಕೆಲಸ. ಮಗಳು ಹುಟ್ಟಿದ ಮೇಲೆ ಆ ಕೆಲಸ ಬಿಟ್ಟು, ಲಗ್ಗೆರೆಯ ಮನೆಯಲ್ಲೇ ಇದ್ದು ಆಗಲೇ ಎರಡು ವರ್ಷವಾಗಿತ್ತು.

“ಅಕ್ಕ, ಬೊಮ್ಮನಹಳ್ಳಿ ಗಾರ್ಮೆಂಟ್ಸಲ್ಲಿ ನಮ್ಮ ಮಷೀನು ಒಂದೇ ಒಂದು ಡಿಸೈನ್ ತಗೋತಿಲ್ಲ. ದೇವಸ್ಥಾನದ ಪರದೆಗೆ ದೊಡ್ಡ ನವಿಲು. ‘ಡಿಸೈನ್ ಖಾಲಿ’ ಅಂತ ತೋರಿಸ್ತದೆ. ಆಪರೇಟರಮ್ಮ ಆಫ್ ಮಾಡದೆ ಮೆಮೊರಿ ಕಾರ್ಡ್ ಕಿತ್ತು ಹಾಳ್ಮಾಡಿದಾಳೆ ಅಂತ ಓನರ್ ಅವಳನ್ನ ಕೆಲ್ಸದಿಂದ ತೆಗೀತಿದಾರೆ. ನಾವೂ ಹಂಗೇ ರಿಪೋರ್ಟ್ ಬರೆದು ಸಂಜೆಗೆ ಕೊಡ್ಬೇಕು. ಕೋಡ್ ನಿಮ್ದಲ್ವಾ, ಒಂದ್ಮಾತು ಕೇಳೋಣ ಅಂತ.”

“ಕಾರ್ಡ್ ಬದಲಾಯಿಸಿ ನೋಡಿದ್ಯಾ?”

“ಎರಡು ಸಲ.”

“ಫೈಲ್ ಎಷ್ಟು ದೊಡ್ಡದು ಕಣೋ?”

“ನಲವತ್ತೊಂದು ಸಾವಿರದ ಇನ್ನೂರ ಹದಿನಾರು ಬೈಟು.”

ಕೈಯಲ್ಲಿದ್ದ ಕಾಳು ಕೈಯಲ್ಲೇ ಉಳಿಯಿತು. “ರಿಪೋರ್ಟ್ ಬರೀಬೇಡ, ಬರ್ತಿದೀನಿ” ಎಂದೆ. ಅತ್ತೆ ಪಾತ್ರೆಯನ್ನು ತಮ್ಮತ್ತ ಎಳೆದುಕೊಂಡು, “ಹೋಗು, ಮಗು ನನ್ನ ಹತ್ರ ಇರ್ಲಿ” ಎಂದರು. ಕೇಳುವ ಮೊದಲೇ ಒಪ್ಪುವ ಅತ್ತೆ ದೇವರು ಕೊಟ್ಟದ್ದು.

ಆಟೋದಲ್ಲಿ ಪೀಣ್ಯಕ್ಕೆ ಹತ್ತು ನಿಮಿಷ. ಬಾಗಿಲಲ್ಲೇ ಲೇತಿನ ಎಣ್ಣೆಯ ವಾಸನೆ ಬಂದು ಎದೆ ತುಂಬಿತು. ನನ್ನ ಹಳೆಯ ಕಂಪ್ಯೂಟರಿನ ಮೇಲೆ ಆಯುಧಪೂಜೆಗೆ ನಾನೇ ಇಟ್ಟ ಕುಂಕುಮ ಇನ್ನೂ ಮಾಸಲಾಗಿ ಉಳಿದಿತ್ತು. ಗಿರೀಶ ಕೋಡ್ ತೆರೆದ. ನಾನು ಹುಡುಕಿಕೊಂಡು ಬಂದ ಸಾಲು ಅಲ್ಲಿತ್ತು. ಡಿಸೈನ್ ಫೈಲಿನ ಅಳತೆಯನ್ನು ಹಿಡಿದಿಡಲು int ಎಂದು ಬರೆದಿದ್ದೆ. ಪಕ್ಕದಲ್ಲಿ ನನ್ನದೇ ಟಿಪ್ಪಣಿ: ‘ಇಷ್ಟು ಸಾಕು.’

ತಿಳಿಯದವರಿಗೆ ಹೇಳಬೇಕೆಂದರೆ, int ಎನ್ನುವುದು ಪೂರ್ಣಾಂಕ ಇಡುವ ಡಬ್ಬಿ. ಡಬ್ಬಿ ಎಷ್ಟು ದೊಡ್ಡದು ಎಂಬುದನ್ನು ಸಿ ಭಾಷೆ ಆಯಾ ಯಂತ್ರಕ್ಕೆ ಬಿಟ್ಟಿದೆ. ನನ್ನ ಮೇಜಿನ ಕಂಪ್ಯೂಟರಿನಲ್ಲಿ ಅದು 32 ಬಿಟ್, ಇನ್ನೂರು ಕೋಟಿಯ ಮೇಲೂ ಹಿಡಿಯುತ್ತದೆ. ಕಂಟ್ರೋಲರಿನ ಚಿಪ್ಪಿನಲ್ಲಿ 16 ಬಿಟ್, 32,767ಕ್ಕೆ ತುಂಬುತ್ತದೆ, ಅದರಾಚೆಯ ಸಂಖ್ಯೆ ಮೈನಸ್ಸಿಗೆ ತಿರುಗುತ್ತದೆ. ದೊಡ್ಡ ಫೈಲುಗಳನ್ನು ನಾನು ಪರೀಕ್ಷಿಸಿದ್ದು ಮೇಜಿನ ಕಂಪ್ಯೂಟರಿನಲ್ಲಿ ಮಾತ್ರ. ಯಂತ್ರಕ್ಕೆ ಆಗ ಬರುತ್ತಿದ್ದುದು ಸೀರೆಯ ಅಂಚು, ರವಿಕೆಯ ಬಳ್ಳಿ. ಒಂಬತ್ತು ಸಾವಿರ ಬೈಟು ದಾಟುತ್ತಿರಲಿಲ್ಲ. ಈಗ ನವಿಲಿನ 41,216 ಆ ಡಬ್ಬಿಯೊಳಗೆ ಮೈನಸ್ 24,320 ಆಗಿ ಕೂತಿತ್ತು. ಸೊನ್ನೆಯೋ ಅದಕ್ಕಿಂತ ಕಡಿಮೆಯೋ ಇದ್ದರೆ ಡಿಸೈನ್ ಖಾಲಿ ಎಂದು ತೋರಿಸು ಅಂತ ಬರೆದವಳೂ ನಾನೇ.

“ಮೈನಸ್ ತೆಗ್ದು ಅನ್‌ಸೈನ್ಡ್ ಮಾಡ್ಬಿಡ್ಲಾ ಅಕ್ಕ? ಅರವತ್ತೈದು ಸಾವಿರದವರೆಗೂ ಬರ್ತದೆ, ನವಿಲು ಹಿಡಿಸ್ತದೆ.”

“ನಾಳೆ ಗೋಪುರ ತಂದ್ರೆ?”

“ಹಂಗಾದ್ರೆ ಲಾಂಗ್ ಅಂತ ದೊಡ್ಡ ಡಬ್ಬಿ?”

“ಈ ಬೋರ್ಡಲ್ಲಿ ನಾಲ್ಕು ಬೈಟು. ಹೊಸ ಬೋರ್ಡ್ ಬಂದ್ರೆ ಎಂಟೂ ಆಗ್ಬಹುದು. ಮತ್ತೆ ಅದೇ ಕಥೆ, ಅಳತೆ ಯಂತ್ರ ಹೇಳಿದಂಗೆ.”

uint32_t ಎಂದು ಬರೆದೆವು. ಯಾವ ಯಂತ್ರಕ್ಕೆ ಹಾಕಿದರೂ ಸರಿಯಾಗಿ 32 ಬಿಟ್, ಮೈನಸ್ಸಿಗೆ ಜಾಗವೇ ಇಲ್ಲ. ಅಳತೆಯನ್ನು ಮುಟ್ಟುವ ಸಾಲುಗಳು ಹನ್ನೊಂದು ಕಡೆ ಇದ್ದವು, ಎಲ್ಲವನ್ನೂ ತಿದ್ದಿದೆವು. ಈ ಸಲ ಚಿಪ್ಪಿನ ಮೇಲೆಯೇ ಪರೀಕ್ಷಿಸಿ, ಗಿರೀಶನ ಬೈಕಿನಲ್ಲಿ ಬೊಮ್ಮನಹಳ್ಳಿಗೆ ಹೊರಟೆವು.

ಆಪರೇಟರ್ ರೇಣವ್ವ ಬಾಗಲಕೋಟೆ ಕಡೆಯವಳು. ಊಟದ ಡಬ್ಬಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ನಿಂತಿದ್ದಳು. “ಬಂದ್ ಮಾಡೇ ಕಾರ್ಡ್ ತಗೀತೀನ್ರೀ ಅಕ್ಕಾರ, ದೇವರಾಣಿ” ಎಂದಳು. ನಾನು ಕಾರ್ಡ್ ಹಾಕಿದೆ. ಯಂತ್ರದ ಪರದೆಯ ಮೇಲೆ 41,216 ಎಂದು ಬಂತು. ಸೂಜಿಗಳು ನವಿಲಿನ ಕಾಲಿನಿಂದ ಶುರು ಮಾಡಿದವು.

ಆದದ್ದನ್ನೆಲ್ಲ ಹೇಳಿದಾಗ ಮಾಲೀಕರು ಹುಬ್ಬು ಗಂಟಿಕ್ಕಿದರು. “ನಿಮ್ಮ ಕಂಪ್ಯೂಟರಲ್ಲಿ ಸರಿಯಿತ್ತು ಅಂತೀರ, ಇಲ್ಲಿ ಯಾಕಿಲ್ಲ?”

“ಒಂದು ಲೋಟ ಅಕ್ಕಿ ಅಂದ್ರೆ ನಿಮ್ಮನೇಲಿ ಒಂದಳತೆ, ನಮ್ಮನೇಲಿ ಒಂದಳತೆ ಅಲ್ವಾ ಸಾರ್. ನಾನು ಲೋಟ ಅಂತ ಬರೆದಿದ್ದೆ, ಪಾವು ಅಂತ ಬರೀಬೇಕಿತ್ತು. ತಪ್ಪು ನಂದು, ಇವಳದ್ದಲ್ಲ.” ಗಿರೀಶ ಅದನ್ನೇ ರಿಪೋರ್ಟಿನಲ್ಲಿ ಬರೆದು ಸಹಿ ಹಾಕಿದ. ಮಾಲೀಕರು ಎರಡು ಸಲ ಓದಿ, “ಸೋಮವಾರ ಟೈಮಿಗೆ ಬಾಮ್ಮ” ಎಂದರು. ರೇಣವ್ವ ಚೀಲ ಕೆಳಗಿಟ್ಟಳು.

“ಹಂಗಾರ ಮೂರು ದಿನ ನಾ ಬೈಸಿಕೊಂಡದ್ದು ನಿಮ್ಮ ಪಾಲಿಂದು ಅನ್ರೀ” ಎಂದು ನನ್ನನ್ನೇ ನೋಡಿದಳು. ಹೌದು ಎಂದೆ. ಆಮೇಲೆ ನಕ್ಕಳು. ಆ ನಗುವೂ ಅವತ್ತು ಕೇಳದೆ ಸಿಕ್ಕದ್ದೇ.

ಮನೆಯಲ್ಲಿ ಇದ್ದದ್ದಕ್ಕೆ ಸಾಕು ಎನ್ನುವುದನ್ನು ನಾನು ಒಳ್ಳೆಯ ಅಭ್ಯಾಸವೆಂದೇ ಬೆಳೆಸಿಕೊಂಡವಳು. ಆದರೆ ಇನ್ನೊಬ್ಬರು ಏನು ತರುತ್ತಾರೋ ತಿಳಿಯದೆ, ಅವರ ಪರವಾಗಿ ಸಾಕು ಎನ್ನುವ ಅಧಿಕಾರ ನನಗಿರಲಿಲ್ಲ. ಒಂಬತ್ತು ವರ್ಷದ ಕೆಲಸ ಅದನ್ನು ನನಗೆ ಕಲಿಸಿದ್ದು ಬಿಟ್ಟ ಮೇಲೆ.

ದೀಪ ಹಚ್ಚುವ ಹೊತ್ತಿಗೆ ಮನೆ ತಲುಪಿದೆ. ಅತ್ತೆ ಅರ್ಧ ಕಾಳನ್ನು ಹಾಗೇ ಮುಚ್ಚಿಟ್ಟಿದ್ದರು. “ನಿನ್ ಪಾಲಿಂದು” ಎಂದರು. ಕೈಕಾಲು ತೊಳೆದು, ದೇವರಿಗೆ ದೀಪ ಹಚ್ಚಿ, ಪಾತ್ರೆ ಎಳೆದುಕೊಂಡು ಹಿತುಕಲು ಕೂತೆ.