ಮಾತಿಲ್ಲದ ಪಾತ್ರಕ್ಕೂ ಒಂದು ಹಾಳೆ

ಅಜ್ಜಂಪುರಕ್ಕೆ ಬೆಳಗಿನ ರೈಲು ಬರಲು ಇನ್ನೂ ಒಂದು ಗಂಟೆಯಿದೆ. ಅಂಚೆ ಪೇದೆ ಕಲ್ಲಪ್ಪ ಜಗಲಿಯ ಮೇಲೆ ಲಾಟೀನು ಇಟ್ಟುಕೊಂಡು, ತೊಡೆಯ ಮೇಲಿನ ಹಲಗೆಗೆ ಹಾಳೆಯಿಟ್ಟು ಗ್ರೀಕರ ರಾಜನೊಬ್ಬನ ಮಾತುಗಳನ್ನು ಎರಡನೇ ಸಲ ತಿದ್ದಿ ಬರೆಯುತ್ತಿದ್ದಾರೆ. ಹೆಂಡತಿ ಶಂಕರಮ್ಮ ಅಂಗಳಕ್ಕೆ ನೀರು ಹಾಕುವಾಗ ಹನಿ ಸಿಡಿದರೆ ಕಲ್ಲಪ್ಪ ಹಾಳೆಯ ಮೇಲೆ ಬಗ್ಗಿಬಿಡುತ್ತಾರೆ. ಬೆನ್ನು ನೆನೆದರೆ ಅವರಿಗೆ ಚಿಂತೆಯಿಲ್ಲ.

ಈ ಕಡೆ ಎಲ್ಲಿ ನಾಟಕವಾದರೂ ಪಾರ್ಟು ಬರೆಯುವವರು ಇವರೇ. ಒಬ್ಬೊಬ್ಬ ಪಾತ್ರಧಾರಿಯ ಮಾತು, ಅದಕ್ಕೆ ಮೊದಲು ಎದುರಿನವನು ಆಡುವ ಕೊನೆಯ ಪದ, ಇಷ್ಟನ್ನೇ ಬೇರೆ ಬೇರೆ ಹಾಳೆಗಿಳಿಸಿ, ಟಪಾಲು ಹಂಚುವಾಗ ಅವರವರ ಮನೆಗೆ ಮುಟ್ಟಿಸುತ್ತಾರೆ. ಹಾಳೆ ಕೈಗೆ ಬಂದರೆ ಪಾರ್ಟು ಸಿಕ್ಕಿತೆಂದೇ ಅರ್ಥ. ಹದಿನೇಳು ವರ್ಷದಲ್ಲಿ ನಲವತ್ತಮೂರು ನಾಟಕದ ಪಾರ್ಟು ಬರೆದ ಬಲಗೈ ಬೆರಳು ಈಗ ಪೂರ್ತಿ ಮಡಿಸಲು ಬರುವುದಿಲ್ಲ. ಕರಪತ್ರದಲ್ಲಿ ಗ್ಯಾಸ್‌ಲೈಟಿನವನ ಹೆಸರೂ ಅಚ್ಚಾಗುತ್ತದೆ, ಇವರದು ಮಾತ್ರ ಇಲ್ಲ. ಅವರ ಬಗ್ಗೆ ಬರೆಯಲು ಬಂದಿರುವ ನನಗಂತೂ ಇದು ಸಿಟ್ಟು ತರಿಸುತ್ತದೆ.

ಈ ಶನಿವಾರದ ನಾಟಕವನ್ನು ತರೀಕೆರೆಯ ಇಂಗ್ಲಿಷ್ ಮೇಷ್ಟ್ರು ಶ್ರೀನಿವಾಸಮೂರ್ತಿ ಗ್ರೀಕರ ಹಳೆಯ ಮಹಾಕಾವ್ಯದಿಂದ ಕಟ್ಟಿದ್ದಾರೆ. ಯುದ್ಧಕ್ಕೆ ಹೋದ ರಾಜ ಇಪ್ಪತ್ತು ವರ್ಷದ ಮೇಲೆ ಭಿಕ್ಷುಕನ ವೇಷದಲ್ಲಿ ಮನೆಗೆ ಬರುತ್ತಾನೆ. ಅವನನ್ನು ಎತ್ತಿ ಆಡಿಸಿದ ಆಳುಮುದುಕಿ ಕಾಲು ತೊಳೆಯುವಾಗ ಹಳೆಯ ಗಾಯದ ಕಲೆ ಕಂಡು ಗುರುತು ಹಿಡಿಯುತ್ತಾಳೆ. ಗ್ರೀಕ್ ಹೆಸರು ನಮ್ಮ ನಟರ ನಾಲಿಗೆ ಮೇಲೆ ಹೊರಳದೆಂದು ಕಲ್ಲಪ್ಪ ಎಲ್ಲರಿಗೂ ಊರ ಹೆಸರಿಟ್ಟಿದ್ದಾರೆ. ಈ ಮುದುಕಿ ಹಾಲಮ್ಮ.

ಪಾತ್ರಗಳ ದೊಡ್ಡತನ, ಚಿಕ್ಕತನವನ್ನು ಕಲ್ಲಪ್ಪ ಅಳೆಯುತ್ತಿದ್ದುದು ಹಾಳೆಯಿಂದಲೇ. ರಾಜನಿಗೆ ಇಪ್ಪತ್ತೆರಡು, ರಾಣಿಗೆ ಹನ್ನೊಂದು, ಹಂದಿ ಕಾಯುವವನಿಗೆ ನಾಲ್ಕು. ಹಾಲಮ್ಮನಿಗೆ ಮೂಲದಲ್ಲಿ ಮಾತುಂಟಂತೆ, ಆದರೆ ನಾಟಕ ಉದ್ದವಾಯಿತೆಂದು ಮೇಷ್ಟ್ರು ಅದನ್ನು ತೆಗೆದಿದ್ದರು. ಮಾತಿಲ್ಲದ್ದರಿಂದ ಕಲ್ಲಪ್ಪ ಹಾಳೆ ಮಾಡಲಿಲ್ಲ, ಹಾಳೆಯಿಲ್ಲದ್ದರಿಂದ ಆ ಪಾರ್ಟು ಯಾರಿಗೂ ಹೋಗಲಿಲ್ಲ. ಕಳೆದ ಭಾನುವಾರದ ಅಭ್ಯಾಸದಲ್ಲಿ ರಾಜಾಪಾರ್ಟಿನ ಸಣ್ಣಬೀರಪ್ಪ ಕಾಲು ಚಾಚಿ ಕೂತೇ ಇದ್ದ, ತೊಳೆಯಲು ಯಾರೂ ಬರಲಿಲ್ಲ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಉಳಿದಿರುವುದು ಆರೇ ದಿನ, ಆ ದೃಶ್ಯವನ್ನೇ ಬಿಟ್ಟುಬಿಡೋಣ ಎಂದರು ಮೇಷ್ಟ್ರು.

ಅಂದು ಕಲ್ಲಪ್ಪನಿಗೆ ಊಟ ಸೇರಲಿಲ್ಲವೆಂದು ಶಂಕರಮ್ಮ ಹೇಳುತ್ತಾರೆ. ಮರುದಿನ ಟಪಾಲು ಮುಗಿಸಿ, ಸೈಕಲ್ ತುಳಿದುಕೊಂಡು ತರೀಕೆರೆಗೆ ಹೋಗಿ ಮೇಷ್ಟ್ರ ಮನೆ ಬಾಗಿಲಲ್ಲಿ ನಿಂತರು.

"ರಾಜ ಎಲ್ಲಾರ್ ಕಣ್ಣಿಗೂ ಮಣ್ಣೆರಚ್ದ ಮೇಷ್ಟ್ರೇ, ಹೆಂಡ್ತಿಗೂ ಗೊತ್ತಾಗ್ಲಿಲ್ಲ. ಈ ಮುದುಕಿ ಕೈಗೆ ಗೊತ್ತಾಗೋಯ್ತು. ಅವಳ್ನ ತೆಗುದ್ರೆ ಅವ್ನು ಮನೆಗ್ ಬಂದಂಗೇ ಆಗಲ್ಲ."

ಹತ್ತು ವರ್ಷದಿಂದ ಈ ಕಾವ್ಯದ ರಾಜನ ಶೌರ್ಯವನ್ನೇ ಪಾಠ ಮಾಡುತ್ತಿರುವ ಮೇಷ್ಟ್ರು ಪುಸ್ತಕ ತೆರೆದು ಆ ಪುಟವನ್ನು ಮತ್ತೆ ಓದಿದರಂತೆ. ಯಾರಾದರೂ ಸಿಕ್ಕರೆ ದೃಶ್ಯ ಇರಲಿ ಎಂದರು. ಕಲ್ಲಪ್ಪ ಮೂರು ದಿನ ಮನೆಮನೆ ಕೇಳಿದರು. ಮಾತಿಲ್ಲದೆ ಸೀರೆ ಉಟ್ಟು ಕಾಲು ತೊಳೆಯುವ ಪಾರ್ಟು ಯಾರಿಗೂ ಬೇಡ. ಕೊನೆಗೆ, ಎಂದೂ ಪರದೆ ದಾಟಿ ಈಚೆ ಬಾರದ ಕಲ್ಲಪ್ಪ ತಾವೇ ಸೀರೆ ಉಡಲು ಒಪ್ಪಿಕೊಂಡಿದ್ದಾರೆ. ಹೇಗೆ ತೊಳೆಯಬೇಕೆಂದು ಶಂಕರಮ್ಮ ಹಿತ್ತಿಲಲ್ಲಿ ಹೇಳಿಕೊಡುತ್ತಿದ್ದಾರೆ. "ಆಳು ತೊಳ್ದಂಗೆ ತೊಳೀಬ್ಯಾಡಿ, ಎತ್ತಾಡ್ಸಿದ್ ಕೈ ಅದು" ಎಂದು ನಿನ್ನೆ ಗದರಿಸಿದರಂತೆ.

ರೈಲಿನ ಸಿಳ್ಳೆ ಕೇಳುತ್ತಿದೆ. ಕಲ್ಲಪ್ಪ ಕೊನೆಯ ಹಾಳೆ ತೆಗೆದು ದುಂಡಗೆ ಬರೆಯುತ್ತಾರೆ: ಹಾಲಮ್ಮ. ನೀರು ತರುವುದು. ಕಾಲು ತೊಳೆಯುವುದು. ಕಲೆ ಕಂಡು ಕೈ ನಿಲ್ಲುವುದು. ಅದನ್ನು ಮಡಿಸಿ ತಮ್ಮ ಜೇಬಿಗೇ ಹಾಕಿಕೊಳ್ಳುತ್ತಾರೆ.

ಈ ಸಲವಾದರೂ, ಇಂದು ಅಚ್ಚಾಗುವ ಕರಪತ್ರದಲ್ಲಿ ನಿಮ್ಮ ಹೆಸರು ಬರುತ್ತದಲ್ಲ ಎಂದು ನಾನು ಕೇಳಿದೆ. ಅವರು ಸೈಕಲ್ಲಿನ ಸ್ಟ್ಯಾಂಡು ತೆಗೆದರು.

"ನನ್ ಹೆಸ್ರು ಬ್ಯಾಡಿ ಸ್ವಾಮಿ. ಹಾಲಮ್ಮ ಅಂತ ಒಂದ್ ಸಾಲು ಹಾಕ್ಲಿ, ಸಾಕು. ಅವಳ್ನ ಮೊದ್ಲು ಮರ್ತೋನು ನಾನೇ ಅಲ್ವಾ."