ಶನಿವಾರದ ಮಂಜು

ನಾನು ಸಮುದ್ರದ ನಡುವೆ ವಾಸವಾಗಿದ್ದೇನೆ ಎಂಬುದು ನನಗೆ ತಿಳಿದದ್ದು ಒಂದು ಗುರುವಾರ ಮಧ್ಯಾಹ್ನ, ಆಫೀಸಿನ ಕಂಪ್ಯೂಟರಿನ ಮುಂದೆ ಕೂತಾಗ. ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಎತ್ತರದ ಕಟ್ಟಡವೊಂದರಲ್ಲಿ ನನ್ನ ಹಾಸಿಗೆ ಇತ್ತು. ಕೆಳಗೆ ರಸ್ತೆ, ಅಂಗಡಿ, ಕಾರುಗಳ ಸಾಲು ಎಲ್ಲವೂ ಇದ್ದವು. ನಮ್ಮ ಹವಾಮಾನದ ಪ್ರೋಗ್ರಾಂ ನೋಡುತ್ತಿದ್ದ ನಕ್ಷೆಯಲ್ಲಿ ಮಾತ್ರ ಆ ಜಾಗ ಅಚ್ಚ ನೀಲಿ. ಮೊದಲು ನಗು ಬಂತು. ಬೆರಳು ಪರದೆಯ ಮೇಲೆ ದುಬೈ ಕಡೆಗೆ ಸರಿದಂತೆ ನಗು ನಿಂತಿತು.

ನಾನು ಗದಗಿನವಳು. ಧಾರವಾಡದಲ್ಲಿ ಭೌತಶಾಸ್ತ್ರ ಓದಿ, ಕೋಡ್ ಬರೆಯುವುದನ್ನು ಅರ್ಧ ಕೋರ್ಸಿನಲ್ಲಿ, ಅರ್ಧ ಹಟದಲ್ಲಿ ಕಲಿತೆ. ಹವಾಮಾನ ಮುನ್ಸೂಚನೆ ಮಾರುವ ಸಣ್ಣ ಕಂಪನಿಯೊಂದು ಅಬುಧಾಬಿಗೆ ಕರೆದಾಗ ಊರಲ್ಲಿ ಎಲ್ಲರೂ ಕೇಳಿದ್ದು ಒಂದೇ: "ಅಲ್ಲಿ ಮಳಿನ ಇಲ್ಲ, ನೀ ಏನ್ ಹವಾಮಾನ ನೋಡ್ತಿ?" ನಾನೂ ಅದನ್ನೇ ಯೋಚಿಸಿದ್ದೆ. ಬಂದ ಮೇಲೆ ಗೊತ್ತಾಯಿತು, ಇಲ್ಲಿನವರು ಹೆದರುವುದು ಮಳೆಗಲ್ಲ, ಚಳಿಗಾಲದ ಮುಂಜಾವಿನ ಮಂಜಿಗೆ. ನಮ್ಮಲ್ಲಿ ಮಂಜು ಬಿದ್ದರೆ ಹೊಲದ ಕಡೆ ಹೊರಟವರು ಟವೆಲ್ ಬಿಗಿದುಕೊಂಡು ನಡೆಯುತ್ತಾರೆ. ಇಲ್ಲಿ ಅದೇ ಮಂಜಿನಲ್ಲಿ ಕಾರುಗಳು ಹೆದ್ದಾರಿಯ ಮೇಲೆ ಬಾಣದಂತೆ ಹೋಗುತ್ತವೆ, ಮುಂದಿನದು ನಿಂತರೆ ಹಿಂದಿನದಕ್ಕೆ ಕಾಣುವುದಿಲ್ಲ.

ಮನೆ ಎಂದು ನಾನು ಹಿಡಿದದ್ದು 'ಬೆಡ್‌ಸ್ಪೇಸ್'. ಅಂದರೆ ಬೇರೆಯವರ ಫ್ಲ್ಯಾಟಿನಲ್ಲಿ ಒಂದು ಹಾಸಿಗೆ, ಅರ್ಧ ಕಪಾಟು, ಅಡುಗೆಮನೆಯಲ್ಲಿ ಒಂದು ಒಲೆಯ ಹಕ್ಕು. ಫ್ಲ್ಯಾಟು ಉಡುಪಿ ಕಡೆಯ ಶೈಲಕ್ಕ ಮತ್ತು ಜಗದೀಶಣ್ಣ ಎಂಬ ಗಂಡಹೆಂಡತಿಯದು. ಶೈಲಕ್ಕ ಒಂದು ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ ಕೆಲಸ ಮಾಡುತ್ತಾರೆ. ಜಗದೀಶಣ್ಣ ದುಬೈ ಅಂಚಿನ ಜೆಬೆಲ್ ಅಲಿಯಲ್ಲಿ ಕಾರ್ಮಿಕರ ಕ್ಯಾಂಪಿನ ಬಸ್ಸುಗಳ ಸೂಪರ್‌ವೈಸರ್. ಅವರು ದಿನಾ ಕತ್ತಲಲ್ಲೇ ಕಾರು ಹತ್ತಿ ದುಬೈ ಹೆದ್ದಾರಿ ಹಿಡಿಯುತ್ತಿದ್ದರು. ಇಬ್ಬರೂ ತಮ್ಮೊಳಗೆ ತುಳು, ನನ್ನ ಜೊತೆ ಕನ್ನಡ. ಆ ಕನ್ನಡವೂ ನನಗೆ ಹೊಸ ಭಾಷೆಯೇ. "ಅನ್ನ ಉಂಟು, ನಿನಗೆ ಹಾಕ್ಲಿಕ್ಕೆ ಉಂಟಾ?" ಎಂದು ಶೈಲಕ್ಕ ಮೊದಲ ದಿನ ಕೇಳಿದಾಗ ಪೆಚ್ಚುಪೆಚ್ಚಾಗಿ ನಿಂತಿದ್ದೆ. ಅರಬ್ಬರ ದೇಶಕ್ಕೆ ಬಂದು ಮೊದಲು ಕಲಿತದ್ದು ಕರಾವಳಿ ಕನ್ನಡ, ಅರಬ್ಬಿ ಆಮೇಲೆ.

ಊಟದ ಕಥೆ ಬೇರೆ. ಅವರ ದಪ್ಪ ಕುಚ್ಚಲಕ್ಕಿ ನನ್ನ ಗಂಟಲಲ್ಲಿ ಇಳಿಯದು, ನನ್ನ ರೊಟ್ಟಿ ತಟ್ಟುವ ಸದ್ದಿಗೆ ಕೆಳಗಿನ ಮನೆಯವರು ಬಾಗಿಲು ಬಡಿದರು. ಕೊನೆಗೆ ಇಲ್ಲಿನ ಖುಬೂಸ್, ಅಂದರೆ ಅಗಲವಾದ ಗೋಧಿ ರೊಟ್ಟಿ, ಅದಕ್ಕೆ ಅವ್ವ ಕಳಿಸಿದ ಶೇಂಗಾ ಚಟ್ನಿ ಎಣ್ಣೆ ಹಾಕಿ ಹಚ್ಚಿ ತಿಂದೆ. ಶೈಲಕ್ಕನೂ ಒಂದು ತುಂಡು ತಿಂದು, ಇನ್ನೊಂದಕ್ಕೆ ಕೈ ಚಾಚಿದರು. ಅಂದು ಏನೋ ಗೆದ್ದ ಹಾಗಾಯಿತು. ಉಳಿದ ದಿನಗಳಲ್ಲಿ, ತೆರೆಯಲು ಬಾರದ ಕಿಟಕಿಯ ಹಿಂದೆ ನಿಂತು, ಮಾತಿಲ್ಲದ ಲಿಫ್ಟಿನಲ್ಲಿ ಇಳಿದು ಹತ್ತಿ, ನನ್ನ ಧ್ವನಿ ನನಗೇ ಮರೆತುಹೋಗುತ್ತದೇನೋ ಎಂದು ಅಂಜುತ್ತಿದ್ದೆ.

ಆಫೀಸಿನಲ್ಲಿ ನನ್ನ ಕೆಲಸ ಚಿಕ್ಕದು. ದೊಡ್ಡ ಪ್ರೋಗ್ರಾಂ ಭೂಮಿಯನ್ನು ಚೌಕ ಚೌಕವಾಗಿ ಕತ್ತರಿಸಿ ಒಂದೊಂದರ ನಾಳಿನ ಹವೆ ಲೆಕ್ಕ ಹಾಕುತ್ತದೆ. ನಾನು ಬರೆದ ಸಣ್ಣ ಪ್ರೋಗ್ರಾಂ ಆ ಲೆಕ್ಕವನ್ನು ಓದಿ, ಬಸ್ಸು ಓಡಿಸುವ ಕಂಪನಿಗಳಿಗೆ ಪ್ರತಿ ಸಂಜೆ ಒಂದು ಮೆಸೇಜು ಕಳಿಸುತ್ತದೆ. ಹಸಿರು ಬಂದರೆ ಹೊರಡಿ, ಕೆಂಪು ಬಂದರೆ ಮಂಜು ಕರಗುವವರೆಗೆ ನಿಲ್ಲಿ. ಜಗದೀಶಣ್ಣನ ಕಂಪನಿಗೂ ಅದೇ ಮೆಸೇಜು. "ನಮ್ಮ ಮನೆಯ ಹುಡುಗಿಯ ಮೆಸೇಜ್ ಮಾರಾಯ್ರೆ, ಸುಳ್ಳು ಹೇಳುದಿಲ್ಲ" ಎಂದು ಅವರು ಡ್ರೈವರುಗಳ ಮುಂದೆ ಹೇಳಿಕೊಳ್ಳುತ್ತಿದ್ದರಂತೆ.

ಆ ಗುರುವಾರಕ್ಕೆ ಹಸಿರು ಹೇಳಿತ್ತು. ಬೆಳಿಗ್ಗೆ ಎದ್ದರೆ ಕಿಟಕಿಯಾಚೆ ತೆಳ್ಳಗೆ ಬಿಳುಪು. ಮಧ್ಯಾಹ್ನ ಜಗದೀಶಣ್ಣ ಫೋನು ಮಾಡಿ, "ಎಂತ ಮಾರಾಯ್ತಿ, ಇವತ್ತು ಬಸ್ಸು ಆಮೆ ಹಾಗೆ ಹೋಯ್ತು. ನಿನ್ನ ಕಂಪ್ಯೂಟರ್‌ಗೆ ಕಣ್ಣು ಟೆಸ್ಟ್ ಮಾಡಿಸು" ಎಂದು ನಕ್ಕರು. ನನಗೆ ನಗಲಾಗಲಿಲ್ಲ. ಲೆಕ್ಕವನ್ನು ಹಿಂದಕ್ಕೆ ಹಿಂದಕ್ಕೆ ಬಿಚ್ಚುತ್ತಾ ಹೋದಾಗ ಆ ನೀಲಿ ಸಿಕ್ಕಿತು. ನಕ್ಷೆ ಬಹಳ ಹಳೆಯದು. ಕಡಲಿಗೆ ಮರಳು ಸುರಿದು ಈ ದೇಶ ತನ್ನ ಅಂಚನ್ನು ಹಿಗ್ಗಿಸಿಕೊಂಡದ್ದು ಅದಕ್ಕೆ ಗೊತ್ತೇ ಇಲ್ಲ. ನೆಲ ರಾತ್ರಿಯಿಡೀ ತಣ್ಣಗಾಗುತ್ತದೆ, ಹಾಗೆ ತಣ್ಣಗಾದ ನೆಲದ ಮೇಲೆ ಮಂಜು ಕೂರುತ್ತದೆ. ಕಡಲು ಅಷ್ಟು ಬೇಗ ತಣಿಯುವುದಿಲ್ಲ, ಹಾಗಾಗಿ ನೀಲಿ ಚೌಕಕ್ಕೆ ಲೆಕ್ಕದಲ್ಲಿ ಮಂಜೇ ಬರದು. ಜೆಬೆಲ್ ಅಲಿಯ ಕ್ಯಾಂಪಿದ್ದ ಚೌಕವೂ ನೀಲಿಯೇ. ಅಲ್ಲಿಗೆ ನಮ್ಮ ಪ್ರೋಗ್ರಾಂ ಎಂದೂ ಕೆಂಪು ಹೇಳುವಂತಿರಲಿಲ್ಲ.

ನಮ್ಮ ಮುಖ್ಯಸ್ಥರು ಡಾಕ್ಟರ್ ಹಾತಿಮ್, ಈಜಿಪ್ಟಿನವರು. ಓಡಿಹೋಗಿ ಹೇಳಿದೆ. ಅವರು ನಕ್ಷೆ ನೋಡಿ ತಲೆಯಾಡಿಸಿದರು. "ಸರಿಯಾಗಿ ಹಿಡಿದಿದ್ದೀ. ಆದರೆ ಗುರುವಾರ ಯಾರೂ ಓಡುವ ಪ್ರೋಗ್ರಾಂ ಮುಟ್ಟುವುದಿಲ್ಲ. ಒಮ್ಮೆ ಕೈ ಸುಟ್ಟುಕೊಂಡು ಮಾಡಿದ ನಿಯಮ. ಶುಕ್ರ, ಶನಿ ರಜೆ. ಭಾನುವಾರ ತಿದ್ದೋಣ. ಖಲಾಸ್." ಮುಗಿಯಿತು ಎಂದು ಅರ್ಥ. ನಾನಿನ್ನೂ ಪ್ರೊಬೇಷನ್‌ನಲ್ಲಿದ್ದವಳು. ಕೆಲಸ ಹೋದರೆ ವೀಸಾ ಹೋಗುತ್ತದೆ. ಬಾಯಿ ಮುಚ್ಚಿಕೊಂಡು ಬಂದೆ.

ಶುಕ್ರವಾರ ಮುಂಜಾನೆ ಮಂಜು ಇನ್ನೂ ದಟ್ಟವಾಗಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಜಗದೀಶಣ್ಣ ನಾಳೆಯ ಡ್ಯೂಟಿಯ ಮಾತೆತ್ತಿದರು. ತುತ್ತು ಕೈಯಲ್ಲೇ ಉಳಿಯಿತು. ನಮ್ಮಂಥ ಆಫೀಸಿನವರಿಗೆ ವಾರಕ್ಕೆ ಎರಡು ದಿನ ರಜೆ. ಕ್ಯಾಂಪಿನವರಿಗೆ ಶುಕ್ರವಾರ ಒಂದೇ. ಶನಿವಾರ ಅವರ ಬಸ್ಸುಗಳೆಲ್ಲ ಹೊರಡುತ್ತವೆ. ಇದು ಡಾಕ್ಟರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಕ್ಯಾಂಪಿನ ಚೌಕವನ್ನು ನೆಲವೆಂದು ಹಿಡಿದು ನಾನೇ ಲೆಕ್ಕ ಹಾಕಿ ನೋಡಿದರೆ, ಶನಿವಾರದ ಮಂಜು ಎಲ್ಲಕ್ಕಿಂತ ದಟ್ಟ.

ಶುಕ್ರವಾರ ಡಾಕ್ಟರ್ ಹಾತಿಮರ ಮನೆಗೆ ಫೋನು ಮಾಡುವುದೆಂದರೆ ನಮ್ಮಲ್ಲಿ ಹಬ್ಬದ ಊಟದ ಪಂಕ್ತಿಯಿಂದ ಒಬ್ಬರನ್ನು ಎಬ್ಬಿಸಿದಂತೆ. ಆದರೂ ಮಾಡಿದೆ. ಹಿಂದಿನಿಂದ ಮಕ್ಕಳ ಗದ್ದಲ ಕೇಳುತ್ತಿತ್ತು.

"ಶನಿವಾರ ಯಾರು ಓಡಾಡುತ್ತಾರೆ? ಊರೆಲ್ಲ ಮಲಗಿರುತ್ತದೆ" ಎಂದರು.

"ಕ್ಯಾಂಪಿನ ಬಸ್ಸುಗಳು ಓಡಾಡುತ್ತವೆ ಸರ್."

ಅವರು ಎದ್ದು ಮಕ್ಕಳ ಗದ್ದಲದಿಂದ ದೂರ ಬಂದರು. ಆಮೇಲೆ ಧ್ವನಿ ತಗ್ಗಿಸಿ, "ಪ್ರೋಗ್ರಾಂ ಮುಟ್ಟಬೇಡ. ಕೈಯಿಂದ ಕೆಂಪು ಕಳಿಸಲು ದಾರಿ ಇದೆ. ಆದರೆ ಕಳಿಸಿದವರ ಹೆಸರು ಕೆಳಗೆ ಇರಬೇಕು. ನಾಳೆ ಬಿಸಿಲು ಬಿದ್ದು, ಬಸ್ಸುಗಳು ಸುಮ್ಮನೆ ನಿಂತರೆ, ಕಂಪನಿಗಳು ಕೇಳುವುದು ಆ ಹೆಸರನ್ನೇ. ನೀನು ಪ್ರೊಬೇಷನ್‌ನಲ್ಲಿದ್ದೀಯ, ಬಿಂತಿ" ಎಂದರು. ಬಿಂತಿ ಎಂದರೆ ಮಗಳೇ. ಅದು ಅಕ್ಕರೆಯೋ ಎಚ್ಚರಿಕೆಯೋ ತಿಳಿಯಲಿಲ್ಲ.

ಸಂಜೆ ನನ್ನ ಹೆಸರು ಹಾಕಿ ಕೆಂಪು ಕಳಿಸಿದೆ. ಜಗದೀಶಣ್ಣನ ಫೋನು ಸೋಫಾದ ಮೇಲೆ ಟಿಣ್ ಎಂದಿತು.

"ಇದೆಂತದು? ನಮಗೆ ಕೆಂಪು ಬಂದದ್ದೇ ಇಲ್ಲ" ಎಂದು ಅವರು ಎದ್ದು ಕೂತರು. ಎಲ್ಲ ಹೇಳಿದೆ. ಕೇಳಿ ಗಂಭೀರವಾದರು. "ಡ್ರೈವರ್‌ಗಳು ಇದನ್ನು ನಂಬುದಿಲ್ಲ. ತಪ್ಪಿ ಬಂದದ್ದು ಅಂತ ಹೊರಟೇ ಬಿಡ್ತಾರೆ. ನಾನು ಬೇಗ ಹೋಗಿ ಗೇಟಿನಲ್ಲಿ ನಿಲ್ಲಬೇಕು."

"ಬ್ಯಾಡ್ರಿ ಅಣ್ಣಾ, ನೀವೂ ಹೋಗಬ್ಯಾಡ್ರಿ. ಫೋನ್ಯಾಗ ಹೇಳ್ರಿ."

"ಫೋನಲ್ಲಿ ಹೇಳಿದ್ರೆ ಬಸ್ಸು ನಿಲ್ತದಾ? ಮಂಜು ಇಳಿಯುವ ಮೊದಲೇ ದಾಟ್ತೇನೆ. ತಲುಪಿ ನಿನಗೇ ಫೋನ್ ಮಾಡ್ತೇನೆ, ಶೈಲನಿಗಲ್ಲ. ಅವಳು ಸುಮ್ಮನೆ ಹೆದರ್ತಾಳೆ."

ಬೆಳಗಾಗುವಾಗ ಹೊರಗೆ ಏನೂ ಇರಲಿಲ್ಲ. ಎದುರಿನ ಕಟ್ಟಡ ಇಲ್ಲ, ರಸ್ತೆ ಇಲ್ಲ, ಗಾಜಿಗೆ ಹಾಲು ಬಳಿದಂತಿತ್ತು. ನನ್ನ ಲೆಕ್ಕ ಸರಿಯಾಗಿತ್ತು. ಅದಕ್ಕಿಂತ ದೊಡ್ಡ ಸಂಕಟ ನನಗೆ ಆವರೆಗೆ ಗೊತ್ತಿರಲಿಲ್ಲ. ಜಗದೀಶಣ್ಣ ತಲುಪಬೇಕಾದ ಹೊತ್ತು ಮೀರಿತ್ತು. ಫೋನು ಮಾಡಿದರೆ ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಶೈಲಕ್ಕ ಎದ್ದು ಬಂದು ಕಿಟಕಿ ನೋಡಿದರು, ನನ್ನ ಮುಖ ನೋಡಿದರು.

"ಬೇರೆ ದಿನ ಆದ್ರೆ ಇನ್ನೂ ಮನೆಯಲ್ಲೇ ಇರ್ತಿದ್ರು. ನಿನ್ನ ಮೆಸೇಜ್ ನೋಡಿ ಅಷ್ಟು ಬೇಗ ಹೋದ್ರು" ಎಂದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಬಸ್ಸುಗಳನ್ನು ತಡೆಯಲು ಹೋಗಿ ಅವರೊಬ್ಬರನ್ನು ಆ ಹೆದ್ದಾರಿಗೆ ಅಟ್ಟಿದವಳು ನಾನೇ.

ಆಗ ಫೋನು ರಿಂಗಾಯಿತು. ಇಬ್ಬರೂ ಹಾರಿ ಬಿದ್ದೆವು. ಪರದೆಯ ಮೇಲೆ 'ಅವ್ವ' ಎಂದಿತ್ತು. ಶನಿವಾರ ನನಗೆ ರಜೆ ಎಂದು ಪೂಜೆ ಮುಗಿಸಿ ಅವಳು ಕರೆ ಮಾಡುತ್ತಾಳೆ. ಇಲ್ಲಿಗೆ ಬಂದಾಗಿನಿಂದ ವಾರವಿಡೀ ನಾನು ಕಾಯುತ್ತಿದ್ದ ಕರೆ ಅದು. ಶೈಲಕ್ಕ ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಕರೆ ಕತ್ತರಿಸಿದೆ. ಅವ್ವ ಮತ್ತೆ ಮಾಡಿದಳು. ಮತ್ತೆ ಕತ್ತರಿಸಿದೆ.

ಮೂರನೆಯ ಸಲ ಬಂದದ್ದು ಜಗದೀಶಣ್ಣನ ಕರೆ.

"ತಲುಪಿದೆ. ಸ್ಟೇರಿಂಗಿನಿಂದ ಕೈ ತೆಗಿಲಿಕ್ಕೆ ಆಗ್ಲಿಲ್ಲ ಮಾರಾಯ್ತಿ. ಗೇಟಿಗೆ ಕಾರು ಅಡ್ಡ ಇಟ್ಟಿದ್ದೇನೆ. ಬಸ್ಸು ಎಲ್ಲ ಒಳಗೇ ಉಂಟು." ಆಮೇಲೆ ಮೆಲ್ಲಗೆ ಹೇಳಿದರು: "ದಾರಿಯಲ್ಲಿ ಒಂದು ಟ್ರಕ್ಕಿಗೆ ಹಿಂದಿನಿಂದ ಕಾರುಗಳು... ಬೇಡ, ಶೈಲನಿಗೆ ಹೇಳ್ಬೇಡ. ಫೋನ್ ಕೊಡು ಅವಳಿಗೆ."

ಫೋನು ಹಿಡಿದ ಶೈಲಕ್ಕ ತುಳುವಿನಲ್ಲಿ ಅಳುತ್ತಾ ಬೈದರು, ಬೈಯುತ್ತಾ ಅತ್ತರು. ಆಮೇಲೆ ನನ್ನ ತಲೆಯನ್ನು ತಮ್ಮ ಹೆಗಲಿಗೆ ಒತ್ತಿಕೊಂಡರು. ಬಂದಾಗಿನಿಂದ ಯಾರೂ ನನ್ನನ್ನು ಮುಟ್ಟಿ ಮಾತಾಡಿಸಿರಲಿಲ್ಲ, ನಾನೂ ಅತ್ತೆ. ಮಂಜು ಕರಗುವ ಹೊತ್ತಿಗೆ ಡಾಕ್ಟರ್ ಹಾತಿಮರ ಮೆಸೇಜು ಬಂತು: ಕಿಟಕಿಯಿಂದ ನೋಡುತ್ತಿದ್ದೇನೆ, ಭಾನುವಾರ ಬೇಗ ಬಾ, ನಕ್ಷೆ ನೀನೇ ತಿದ್ದಬೇಕು, ಯಲ್ಲಾ. ನಡಿ, ಹೊರಡು ಎಂದು ಅರ್ಥ.

ಕೆಲಸ ಉಳಿಯಿತು ಎಂದು ಗೊತ್ತಾದ ಮೇಲೆ ಅವ್ವನಿಗೆ ಫೋನು ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು.

"ಯಾಕವ್ವಾ, ಎರಡ ಸಲ ಕಟ್ ಮಾಡಿದಿ? ಜೀವ ಹಾರಿ ಹೋತು ನಂದು."

"ಏನಿಲ್ಲಬೇ. ಮನ್ಯಾಗಿನ ಒಬ್ರು ಮಂಜಿನ್ಯಾಗ ಹೊರಗ ಹೋಗಿದ್ರು. ಅವರ ಫೋನ್ ಬರೂದಿತ್ತು."



"ಮನ್ಯಾಗಿನವ್ರು ನಾವೆಲ್ಲಾ ಮನ್ಯಾಗ ಅದೀವಲ್ಲ" ಎಂದಳು. "ಹೊರಗ ಹೋದಾಕಿ ನೀ ಒಬ್ಬಾಕಿನ."