ಒಂದೇ ಕೈಯ ಬಳೆಗಳು

ಅವರು ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಕೈಯನ್ನು.

ರಾಣೆಬೆನ್ನೂರಿನ ಒಂದು ಮನೆಯ ಪಡಸಾಲೆ. ಚಾಪೆಯ ಮೇಲೆ ಏಳೆಂಟು ಹೆಂಗಸರು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಎಲ್ಲರ ಕಣ್ಣೂ ನನ್ನ ಎರಡೂ ಕೈಗಳ ಬಳೆಗಳ ಮೇಲೆ ಹರಿದಾಡಿತು. "ನೀವು ಜೋಡಿ ಬಂದವ್ರೇನ್ರಿ?" ಎಂದರು ಒಬ್ಬರು. ಹೌದು, ಜೊತೆಗೆ ಬಂದವಳು ಎಂದೆ. (ಪೇಪರಿನಲ್ಲಿ ಪ್ರತಿ ವಾರ ಫೋಟೊ ಬರುತ್ತದೆ, ಗುರುತು ಹಿಡಿದಾರು ಎಂದುಕೊಂಡಿದ್ದೆ. ಆ ಜಂಭ ಹೊಸ್ತಿಲಲ್ಲೇ ಇಳಿಯಿತು.)

ನಾನು ಹೋದದ್ದು ವೈನಿಯ ಜೊತೆ. ಮೋಟೆಬೆನ್ನೂರಿನಲ್ಲಿರುವ ನನ್ನ ಅಣ್ಣನ ಹೆಂಡತಿ. ಹೋದ ವರ್ಷ ಹುಬ್ಬಳ್ಳಿಯಲ್ಲಿ ಅವರಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಯಿತು. ಎಡಭಾಗ ಪೂರ್ತಿ ತೆಗೆದರು. ಮನೆಯಲ್ಲಿ ಆ ಹೆಸರು ಯಾರೂ ಎತ್ತುವುದಿಲ್ಲ. "ಗಂಟು ತೆಗಿಸಿದ್ದು" ಅಂತಷ್ಟೇ.

ಕಂಕುಳಿನ ಗಂಟುಗಳನ್ನೂ ತೆಗೆದಿದ್ದರಿಂದ ಎಡಗೈ ಬಾತುಕೊಳ್ಳಬಹುದು, ಬಿಗಿಯಾದದ್ದೇನೂ ಹಾಕಬೇಡಿ ಎಂದು ಡಾಕ್ಟರು ಹೇಳಿದ್ದರು. ನಮ್ಮ ಅವ್ವ ಕೇಳಬೇಕಲ್ಲ? ಗಂಡ ಗುಂಡುಕಲ್ಲಿನ ಹಾಗೆ ಇರುವಾಗ ಮುತ್ತೈದೆಗೆ ಬರಿಗೈ ಎಂದರೇನು ಎಂದು ಎರಡೂ ಕೈತುಂಬ ಹಸಿರು ಬಳೆ ತೊಡಿಸಿಬಿಟ್ಟಳು.

ಎಡಗೈ ಬಾತಿತು. ಬಳೆಗಳು ಮಾಂಸದಲ್ಲಿ ಹೂತುಕೊಂಡವು. ಎಣ್ಣೆ, ಸಾಬೂನು, ಯಾವುದಕ್ಕೂ ಜಾರಲಿಲ್ಲ. ಗಾಜು ಚುಚ್ಚಿ ಕೀವಾದರೆ ಕೈಗೇ ಅಪಾಯ ಎಂದರು ಡಾಕ್ಟರು. ಉಳಿದದ್ದು ಒಂದೇ ದಾರಿ, ಒಡೆಯುವುದು. ಆದರೆ ನಮ್ಮಲ್ಲಿ ಹೆಂಗಸಿನ ಕೈಬಳೆ ಒಡೆಯುವುದು ಯಾವಾಗ, ನಿಮಗೆ ಗೊತ್ತಲ್ಲ? ನಾನು ಸೈನ್ಸ್ ಹೇಳಿದೆ, ಬೈದೂ ನೋಡಿದೆ. ವೈನಿ ತಣ್ಣಗೆ ಅಂದರು:

"ನಿಮ್ಮಣ್ಣಾರು ಎದುರಿಗೇ ಕುಂತಾರ. ಅವರ ಮುಂದ ಬಳಿ ಒಡಸ್ಕೊಳ್ಳಲೇನು?"

ಅಣ್ಣ ತಲೆ ತಗ್ಗಿಸಿದ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತೇವೆ. ನಮ್ಮ ಮನೆಯಲ್ಲಿ ಮೊಳಕೈವರೆಗೆ ಬಾತಿದ್ದರೂ ಕಾಣುತ್ತಿರಲಿಲ್ಲ.

ಮತ್ತೆ ಚೆಕಪ್ಪಿಗೆ ಹೋದಾಗ, ಆಸ್ಪತ್ರೆಯ ಸಾಲಿನಲ್ಲಿದ್ದ ಬ್ಯಾಡಗಿಯ ಹೆಂಗಸೊಬ್ಬರು ವೈನಿಯ ಕೈ ನೋಡಿದರಂತೆ. ಒಂದೂ ಪ್ರಶ್ನೆ ಕೇಳದೆ ರಾಣೆಬೆನ್ನೂರಿನ ಮೆಹಬೂಬಿ ಅವರ ವಿಳಾಸ ಕೊಟ್ಟು, ಪಕ್ಕದ ಎಸ್‌ಟಿಡಿ ಬೂತಿನ ನಂಬರನ್ನೂ ಹೇಳಿದರಂತೆ. ಹಾಗೆ ಹೊರಟೆವು. ಅವ್ವ ಕಾವಲಿಗೆಂದು ಹಿಂದೆಯೇ ಬಸ್ಸು ಹತ್ತಿದಳು.

ಮೆಹಬೂಬಿ ಅವರಿಗೂ ಇದೇ ಆಪರೇಷನ್ ಆಗಿದೆ. ಆದವರೆಲ್ಲ ತಿಂಗಳಿಗೊಮ್ಮೆ ಅವರ ಮನೆಯಲ್ಲಿ ಸೇರುತ್ತಾರೆ. ಹಾವೇರಿ, ಬ್ಯಾಡಗಿ, ಕರ್ಜಗಿಯಿಂದಲೂ ಬರುತ್ತಾರೆ. ಬೋರ್ಡಿಲ್ಲ, ಭಾಷಣವಂತೂ ಇಲ್ಲವೇ ಇಲ್ಲ. ಗೋಡೆಯ ಮೇಲೆ ಮಾತ್ರ ಪೆನ್ಸಿಲ್ ಗೆರೆಗಳು. ಮಕ್ಕಳ ಎತ್ತರ ಗುರುತು ಹಾಕುತ್ತೇವಲ್ಲ, ಹಾಗೆ. ಆಪರೇಷನ್ ಆದ ಕೈಬೆರಳು ಗೋಡೆ ಹತ್ತಿ ಎಲ್ಲಿಗೆ ಮುಟ್ಟಿತು ಎಂಬ ಲೆಕ್ಕ. ಕಿಟಕಿ ಬಳಿ ಒಬ್ಬಾಕೆ ಜಂಪರಿನೊಳಗೆ ಹತ್ತಿಯ ಗಾದಿ ಇಟ್ಟು ಹೊಲಿಯುವುದನ್ನು ಇನ್ನೊಬ್ಬಾಕೆಗೆ ತೋರಿಸುತ್ತಿದ್ದರು. ಇಬ್ಬರೂ ನಗುತ್ತಿದ್ದರು. ನಮ್ಮ ಮನೆಯಲ್ಲಿ ವರ್ಷದಿಂದ ಆ ವಿಷಯಕ್ಕೆ ಬರೀ ಪಿಸುಮಾತಿತ್ತು! ನಾನು ಬೆರಗಾಗಿ ನಿಂತೆ.

ಆಗಲೇ ಗಮನಿಸಿದ್ದು. ಅಲ್ಲಿದ್ದ ಎಲ್ಲರದೂ ಒಂದು ಕೈ ಬರಿದು. ಇನ್ನೊಂದು ಕೈಯಲ್ಲಿ ಎರಡೂ ಕೈಯ ಬಳೆ.

ಅವ್ವ ಜಗಳಕ್ಕೆ ಸಿದ್ಧಳಾಗಿಯೇ ಕೂತಿದ್ದಳು. ಮೆಹಬೂಬಿ ಅವರು ವಾದ ಮಾಡಲಿಲ್ಲ. ಹೊಸ ಹಸಿರು ಬಳೆ ತಂದು ಅವ್ವನ ಮಡಿಲಲ್ಲಿಟ್ಟರು.

"ನೀವು ಅನ್ನೋದು ಖರೇ ಅದ ಅವ್ವಾರ, ಸೊಸಿ ಕೈ ಬರಿದಾಗಬಾರದು. ಮೊದ್ಲ ನೀವು ಬಲಗೈಗೆ ಒಂದು ಏರಸ್ರಿ. ಆಮ್ಯಾಲ ನಾ ಎಡಗೈದು ಒಂದು ತಗೀತೀನಿ. ಒಂದ ಬಳಿನೂ ಕಡಿಮಿ ಆಗಂಗಿಲ್ಲ."

ಅವ್ವ ಮಡಿಲಿನ ಬಳೆಗಳನ್ನು ಒಂದೊಂದಾಗಿ ಎಣಿಸಿದಳು. ಆಮೇಲೆ ವೈನಿಯ ಬಲಗೈ ಹಿಡಿದು ಒಂದು ಬಳೆ ಏರಿಸಿದಳು. ಮೆಹಬೂಬಿ ಅವರು ಎಡಗೈಯ ಬಳೆಯ ಕೆಳಗೆ ತೆಳ್ಳನೆಯ ಒದ್ದೆ ಬಟ್ಟೆ ತೂರಿಸಿ, ಇಕ್ಕಳದಿಂದ ಮೆಲ್ಲಗೆ ಒತ್ತಿದರು. ಒಂದು ಏರಿತು, ಒಂದು ಇಳಿಯಿತು. ಮತ್ತೊಂದು ಏರಿತು. ಕೊನೆಯದು ಬಂದಾಗ ಎಡಗೈಯ ಸುತ್ತ ಕೆಂಪು ಬರೆಗಳಷ್ಟೇ ಉಳಿದವು. ವೈನಿ ಆ ಕೈಯನ್ನು ಸೆರಗಿನಲ್ಲಿ ಮುಚ್ಚಲು ಹೋದರು. ಅವ್ವ ಸೆರಗು ಸರಿಸಿ, ಬರೆಗಳ ಮೇಲೆ ತಾನೇ ಕೊಬ್ಬರಿ ಎಣ್ಣೆ ಸವರಿದಳು. ನನಗೆ ಅಳು ತಡೆಯಲಾಗಲಿಲ್ಲ.

ಎಷ್ಟು ಡಿಗ್ರಿ ಬೇಕು ಹೇಳಿ ಇಂಥದ್ದೊಂದು ದಾರಿ ಹೊಳೆಯಲಿಕ್ಕೆ? ನನ್ನ ಸೈನ್ಸು ಅವ್ವನನ್ನು ಸೋಲಿಸಲು ಹೋಗಿತ್ತು. ಅವರು ಅವ್ವನ ಕೈಯಿಂದಲೇ ಕೆಲಸ ಮಾಡಿಸಿದರು.

ವಾಪಸು ಬರುವಾಗ ಬಸ್ಸು ರಶ್ಶು. ಅವ್ವ ಕಿಟಕಿ ಪಕ್ಕ. (ಆ ಸೀಟನ್ನು ಅವಳು ಸ್ವಾಮಿಗಳಿಗೂ ಬಿಟ್ಟವಳಲ್ಲ.) ನಡುದಾರಿಯಲ್ಲಿ ಹತ್ತಿದ ಹೆಂಗಸೊಬ್ಬಳು ಒಂದೇ ಕೈಯಿಂದ ಕಂಬಿ ಹಿಡಿದು ನಿಂತಳು. ಆ ಕೈತುಂಬ ಬಳೆ, ಇನ್ನೊಂದು ಬರಿದು. ಅವ್ವ ತಟ್ಟನೆ ಎದ್ದು, "ಬಾ ನನ್ನವ್ವ, ಇಲ್ಲಿ ಕುಂದ್ರು," ಎಂದಳು.

ಇದೇ ರೂಟಿನಲ್ಲಿ ವರ್ಷಗಟ್ಟಲೆ ಓಡಾಡಿದ್ದೇನೆ. ಇಂಥ ಎಷ್ಟು ಕೈಗಳು ನನ್ನೆದುರೇ ಕಂಬಿ ಹಿಡಿದು ನಿಂತಿದ್ದವೋ?